ಕಿವಿಯ ಮೊರೆತ

ಹೊರಗಿನ ಸದ್ದನ್ನು ತಪ್ಪಿಸಿಕೊಳ್ಳುವುದಕ್ಕೆ ಮನುಷ್ಯನಿಗೆ ಹಲವು ದಾರಿಗಳಿವೆ. ಬಾಗಿಲು ಹಾಕಬಹುದು, ಎದ್ದು ಬೇರೆ ಕಡೆಗೆ ಹೋಗಬಹುದು, ಕಡೆಗೆ ನೆರೆಯವನೊಡನೆ ಜಗಳವನ್ನಾದರೂ ಆಡಬಹುದು. ಆದರೆ ಸದ್ದು ಕಿವಿಯ ಒಳಗೇ ಬಿಡಾರ ಹೂಡಿದ್ದರೆ ಯಾರೊಡನೆ ಜಗಳವಾಡುವುದು? ಹೊರಗೆ ಎಲ್ಲವೂ ನಿಶ್ಶಬ್ದವಾಗಿರುವಾಗ ಒಬ್ಬನ ಕಿವಿಗೆ ಮಾತ್ರ ಜೀರುಂಡೆಯ ಜೀಂಕಾರವೋ, ಎಸರು ಕುದಿಯುವಾಗಿನ ಸುಯ್ಲೋ, ದೂರದ ಗಿರಣಿಯ ಗುಂಯ್‌ಗುಟ್ಟುವಿಕೆಯೋ ಹಗಲಿರುಳೂ ಕೇಳಿಸುತ್ತಿರುವುದುಂಟು. ಈ ಬಾಧೆಗೆ ಈಗಿನ ವೈದ್ಯರು ಟಿನ್ನಿಟಸ್ ಎಂದು ಹೆಸರಿಟ್ಟಿದ್ದಾರೆ. ಸಂಸ್ಕೃತದಲ್ಲಿ ಇದಕ್ಕೆ ಕರ್ಣನಾದವೆಂದು ಹೆಸರು, ಕನ್ನಡದಲ್ಲಿ ಕಿವಿಮೊರೆತ. ನಮ್ಮ ಕಡೆಯ ಹೆಂಗಸರು ಇಷ್ಟೆಲ್ಲ ಹೆಸರುಗಳ ಗೊಡವೆಗೆ ಹೋಗದೆ, "ಕಿವಿ ಯಾಕೋ ಗುಂಯ್ ಅಂತದೆ" ಎಂದು ಹೇಳಿ ಮತ್ತೆ ಕೆಲಸಕ್ಕೆ ತೊಡಗುತ್ತಾರೆ.

ಇದು ಎಲ್ಲಿಯೋ ಒಬ್ಬರಿಗೆ ಬರುವ ವಿಚಿತ್ರ ವ್ಯಾಧಿಯೆಂದು ವಾಚಕರು ಭಾವಿಸಬಾರದು. ನಾನಾ ದೇಶಗಳಲ್ಲಿ ನಡೆದ ಪರಿಶೀಲನೆಗಳನ್ನೆಲ್ಲ ಒಟ್ಟುಗೂಡಿಸಿ ೨೦೨೨ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಪ್ರಪಂಚದ ವಯಸ್ಕರಲ್ಲಿ ನೂರಕ್ಕೆ ಸುಮಾರು ೧೪ ಮಂದಿಗೆ ಒಂದಲ್ಲ ಒಂದು ಬಗೆಯಲ್ಲಿ ಇದರ ಅನುಭವವಿದೆ. ನೂರಕ್ಕೆ ಇಬ್ಬರಿಗೆ ಇದು ಬಾಳನ್ನೇ ಕೆಡಿಸುವಷ್ಟು ತೀವ್ರವಾಗಿದೆ. ಹೊರಗೆ ಯಾರಿಗೂ ಕಾಣದ, ಯಾರಿಗೂ ಕೇಳದ ರೋಗವಾದುದರಿಂದ, ನೂರರಲ್ಲಿ ಹದಿನಾಲ್ಕು ಮಂದಿಯೂ ತಾವೊಬ್ಬರೇ ಎಂದುಕೊಂಡು ಸುಮ್ಮನಿರುತ್ತಾರೆ.

ನನ್ನ ಮಟ್ಟಿಗೆ ಹೇಳುವುದಾದರೆ, ನಾನು ಮೂವತ್ತನಾಲ್ಕು ವರ್ಷ ಹುಡುಗರಿಗೆ ಪಾಠ ಹೇಳಿದವನು. ಮೊದಲು ಜಗಳೂರು, ಅನಂತರ ನ್ಯಾಮತಿ, ಆಮೇಲೆ ಹೊನ್ನಾಳಿ, ಕೊನೆಯ ಹನ್ನೊಂದು ವರ್ಷ ಚನ್ನಗಿರಿ. ನಾನು ಕೆಲಸಕ್ಕೆ ಸೇರಿದಾಗ ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದಿತು, ಮಿಕ್ಕ ಮೂರು ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ೧೯೯೭ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಎಲ್ಲವೂ ಅದರೊಳಗೆ ಬಂದವು. ನ್ಯಾಮತಿಯಲ್ಲಿದ್ದ ನಾನು ಕುಳಿತ ಕುರ್ಚಿಯಿಂದ ಏಳದೆಯೇ ಬೇರೊಂದು ಜಿಲ್ಲೆಯವನಾದೆನು. ಆಗ ಹೊನ್ನಾಳಿ ತಾಲ್ಲೂಕಿನ ಒಂದು ಹೋಬಳಿಯಾಗಿದ್ದ ನ್ಯಾಮತಿಗೆ ಈಗ ತಾಲ್ಲೂಕಿನ ಪದವಿ ಬಂದಿದೆ. ನಿವೃತ್ತಿಯಾದ ಮೇಲೆ ನಾನು ಚನ್ನಗಿರಿಯಲ್ಲಿಯೇ ಉಳಿದುಕೊಂಡಿದ್ದೇನೆ.

ನನಗೆ ಈ ಮೊರೆತ ಬಂದದ್ದು ನಿವೃತ್ತಿಗೆ ಎರಡು ವರ್ಷ ಮೊದಲು. ಒಂದು ರಾತ್ರಿ ಮಲಗಿದ್ದವನಿಗೆ ಅಕ್ಕಿಯ ಡಬ್ಬದ ಹಿಂದೆ ಜೀರುಂಡೆ ಕೂಗುವಂತೆ ಕೇಳಿಸಿತು. ಎದ್ದು ದೀಪ ಹಾಕಿ ಹುಡುಕಿದೆ. ಮನೆಯಾಕೆಯೂ ಎದ್ದು ಬಂದು, "ಏನು ಹುಡುಕ್ತಿದ್ದೀರಿ?" ಎಂದಳು. "ಜೀರುಂಡೆ. ನಿನಗೆ ಕೇಳುತ್ತಿಲ್ಲವೆ?" ಎಂದೆ. ಆಕೆ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತು, "ಗಡಿಯಾರದ ಸದ್ದು ಬಿಟ್ಟರೆ ಇನ್ನೇನೂ ಇಲ್ಲ, ಮಲಗಿ" ಎಂದಳು. ಆ ಗಡಿಯಾರದ ಸದ್ದು ನನಗೆ ಕೇಳಿಸುತ್ತಿರಲಿಲ್ಲವೆಂಬುದನ್ನು ಆಗ ನಾನು ಲಕ್ಷಿಸಲಿಲ್ಲ. ರೋಗದ ಅರ್ಧ ಕಥೆ ಅದರಲ್ಲೇ ಅಡಗಿದ್ದಿತು.

ಮುಂದಿನ ತಿಂಗಳುಗಳಲ್ಲಿ ನಾನು ಕಂಡುಕೊಂಡ ಒಂದು ಸಂಗತಿ ಎಂದರೆ, ಊರಿಗೊಂದು ಬಗೆಯ ಮೌನವಿದೆ ಎಂಬುದು. ಜಗಳೂರಿನ ಕಡೆ ಮಗಳ ಮನೆಗೆ ಹೋದಾಗ ನನಗೆ ನಿದ್ರೆ ಬಾರದು. ಅದು ಮಳೆ ಕಡಿಮೆಯಾದ ಬಯಲುಸೀಮೆ. ಬೇಸಗೆಯ ರಾತ್ರಿ ಎಲೆಯೂ ಅಲುಗದು. ಹತ್ತು ಗಂಟೆಯ ಮೇಲೆ ನಾಯಿಯೂ ಬೊಗಳದು. ಆ ಮೌನದಲ್ಲಿ ನನ್ನ ಜೀರುಂಡೆ ಛಾವಣಿ ಹಾರಿಹೋಗುವಂತೆ ಕೂಗುತ್ತಿದ್ದಿತು. ಹೊನ್ನಾಳಿಯಲ್ಲಿ ಅಕ್ಕನ ಮನೆ ಹೊಳೆಗೆ ಹತ್ತಿರ. ಮಳೆಗಾಲದಲ್ಲಿ ತುಂಗಭದ್ರೆ ತುಂಬಿ ಹರಿಯುವಾಗ ಅಲ್ಲಿ ಮಲಗಿದರೆ ಕಿವಿಯ ಸದ್ದು ನೀರಿನ ಸದ್ದಿನಲ್ಲಿ ಕರಗಿ, ಬೆಳಗಿನವರೆಗೆ ಎಚ್ಚರವಾಗದು. ಚನ್ನಗಿರಿಯಲ್ಲಿ ಮಧ್ಯಮ ಸ್ಥಿತಿ: ಭದ್ರಾ ನಾಲೆಯ ನೀರು ಗದ್ದೆಗೆ ಬಿಟ್ಟಾಗ ಕಪ್ಪೆಗಳ ವಟಗುಟ್ಟುವಿಕೆಯಿಂದ ಸುಖ, ಗದ್ದೆ ಒಣಗಿದಾಗ ಕಷ್ಟ. ಕಪ್ಪೆಯ ಕೂಗಿಗೆ ಕೃತಜ್ಞನಾಗಿರುವ ಮನುಷ್ಯ ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಮೌನಕ್ಕೂ ಈ ಮೊರೆತಕ್ಕೂ ಇರುವ ಸಂಬಂಧವನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ೧೯೫೩ರಲ್ಲಿ ಅಮೆರಿಕದ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು, ಕಿವಿಯ ದೋಷವಿಲ್ಲದ ೮೦ ಮಂದಿಯನ್ನು ಹೊರಗಿನ ಸದ್ದು ನುಸುಳದಂತೆ ಕಟ್ಟಿದ ಕೋಣೆಯಲ್ಲಿ ಕೆಲವು ನಿಮಿಷ ಕೂರಿಸಿ, ಏನೇನು ಕೇಳಿಸಿತೆಂದು ವಿಚಾರಿಸಿದರು. ನೂರಕ್ಕೆ ೯೪ರಷ್ಟು ಮಂದಿ ಯಾವುದೋ ಒಂದು ಸದ್ದು ಕೇಳಿಸಿತೆಂದರಂತೆ! ಅಂದಮೇಲೆ ಎಲ್ಲರ ಕಿವಿಯಲ್ಲಿಯೂ ಒಂದು ಸಣ್ಣ ಜೀರುಂಡೆ ಇದ್ದೇ ಇದೆ. ಲೋಕದ ಗದ್ದಲ ಅದನ್ನು ಮುಚ್ಚಿಟ್ಟಿರುತ್ತದೆ.

ಓದಿದವನಿಗೆ ಕಾಯಿಲೆ ಬಂದರೆ ಮೊದಲು ಪುಸ್ತಕ ತೆಗೆಯುತ್ತಾನೆ, ಆಮೇಲೆ ವೈದ್ಯನ ಮನೆಯ ದಾರಿ ಹಿಡಿಯುತ್ತಾನೆ. ಸುಶ್ರುತನು ಉತ್ತರತಂತ್ರದಲ್ಲಿ ಇಪ್ಪತ್ತೆಂಟು ಕರ್ಣರೋಗಗಳನ್ನು ಎಣಿಸಿದ್ದಾನೆ. ಅವುಗಳಲ್ಲಿ ಇದೂ ಒಂದು. ದಾರಿ ತಪ್ಪಿದ ವಾಯುವು ಶಬ್ದವನ್ನು ಹೊರುವ ನಾಡಿಗಳಲ್ಲಿ ಹೋಗಿ ನೆಲೆಸಿದಾಗ ಮನುಷ್ಯನು ಬಗೆಬಗೆಯ ಶಬ್ದಗಳನ್ನು ಕೇಳುತ್ತಾನೆಂದು ಅವನ ನಿದಾನ. ಮಾಧವಕರನು ಆ ಶಬ್ದಗಳು ಭೇರಿ, ಮೃದಂಗ, ಶಂಖಗಳ ಧ್ವನಿಯಂತೆ ಇರುತ್ತವೆ ಎನ್ನುತ್ತಾನೆ. ನನಗೆ ಮಂಗಳವಾದ್ಯಗಳ ಭಾಗ್ಯ ಒದಗಲಿಲ್ಲ, ಜೀರುಂಡೆ ಮಾತ್ರ. ಇದನ್ನು ಕೇಳಿದ ನನ್ನ ಮಿತ್ರರೊಬ್ಬರು, ಯೋಗಾಭ್ಯಾಸದಲ್ಲಿ ಆಸಕ್ತರು, "ಮೇಷ್ಟರೇ, ಇದು ರೋಗವಲ್ಲ, ಅನಾಹತನಾದ. ಹಠಯೋಗಪ್ರದೀಪಿಕೆಯ ನಾಲ್ಕನೆಯ ಉಪದೇಶದಲ್ಲಿ ಇದೆ. ಸಮುದ್ರ, ಮೇಘ, ಭೇರಿ, ಶಂಖ, ಘಂಟೆ, ಕಡೆಗೆ ಕೊಳಲು, ವೀಣೆ, ದುಂಬಿ ಇವುಗಳ ಧ್ವನಿ ಕೇಳಿಸುತ್ತದೆ. ನಿಮಗೆ ಅಭ್ಯಾಸವಿಲ್ಲದೆಯೇ ಸಿದ್ಧಿಸಿದೆ" ಎಂದು ಅಭಿನಂದಿಸಿದರು. ಯೋಗಿಯು ಆ ನಾದದಲ್ಲಿ ಮನಸ್ಸನ್ನು ಲಯಗೊಳಿಸಿ ಸುಖಿಸುತ್ತಾನೆ. ನನಗಾದರೋ ಅದು ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಕೂರಿಸುತ್ತಿದ್ದಿತು. ಇಷ್ಟು ವ್ಯತ್ಯಾಸವಿರುವಾಗ ಅಭಿನಂದನೆಯನ್ನು ಸ್ವೀಕರಿಸುವುದು ಉಚಿತವೆಂದು ತೋರಲಿಲ್ಲ.

ಇನ್ನೊಬ್ಬರು ಇದಕ್ಕಿಂತ ವ್ಯವಹಾರಕುಶಲರು. ಯಾವುದೋ ಊರಿನ ಯಾವುದೋ ಅಂಗಡಿ ಎಂದಿರಲಿ. ಅಲ್ಲಿ ಕಿವಿಮೊರೆತಕ್ಕೆಂದೇ ಒಂದು ತೈಲವನ್ನು ಮಾರುತ್ತಿದ್ದರು. ಸಣ್ಣ ಸೀಸೆ, ದೊಡ್ಡ ಬೆಲೆ. ನಲವತ್ತೆಂಟು ದಿನದಲ್ಲಿ ಗುಣವಾಗದಿದ್ದರೆ ಹಣ ವಾಪಸು ಎಂದು ಬರೆದಿದ್ದಿತು. ನಲವತ್ತೊಂಬತ್ತನೆಯ ದಿನ ಅಂಗಡಿಯವರು, ನಾನು ಪಥ್ಯ ಸರಿಯಾಗಿ ಮಾಡಿಲ್ಲವೆಂದು ತೀರ್ಪು ಕೊಟ್ಟರು. ಶಾಸ್ತ್ರದಲ್ಲಿ ಕರ್ಣಪೂರಣ ಹೇಳಿದೆ, ಬಿಲ್ವತೈಲ ಹೇಳಿದೆ, ಅದನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಕಿವಿಯ ತಮಟೆಯಲ್ಲಿ ತೂತಿದ್ದರೆ ಹೊಯ್ದ ಎಣ್ಣೆ ಒಳಗೆ ಹೋಗಿ ಕೇಡು ಮಾಡುತ್ತದೆ. ಮೊದಲು ಕಿವಿಯನ್ನು ದೀಪ ಹಾಕಿ ನೋಡಿದವರಿಲ್ಲದೆ ಏನನ್ನೂ ಹೊಯ್ಯಿಸಿಕೊಳ್ಳಬಾರದು.

ಕಡೆಗೆ ದಾವಣಗೆರೆಯಲ್ಲಿ ಕಿವಿಯ ಡಾಕ್ಟರನ್ನು ಕಂಡೆ. ಅವರು ಗುಗ್ಗೆ ಕಟ್ಟಿದೆಯೇ ಎಂದು ನೋಡಿದರು, ರಕ್ತದೊತ್ತಡ ಅಳೆದರು, ನಾನು ನುಂಗುವ ಮಾತ್ರೆಗಳ ಪಟ್ಟಿ ಕೇಳಿದರು. ಆಸ್ಪಿರಿನ್ ಹೆಚ್ಚಾದರೂ, ಮಲೇರಿಯಾಕ್ಕೆ ಕೊಡುವ ಕ್ವಿನೈನ್‌ನಿಂದಲೂ, ಸ್ಟ್ರೆಪ್ಟೊಮೈಸಿನ್, ಜೆಂಟಮೈಸಿನ್ ಮುಂತಾದ ಚುಚ್ಚುಮದ್ದುಗಳಿಂದಲೂ ಕಿವಿ ಮೊರೆಯುವುದುಂಟಂತೆ. ನನ್ನಲ್ಲಿ ಅವು ಯಾವುವೂ ಇರಲಿಲ್ಲ. ಅವರ ಸಲಹೆಯಂತೆ ಮೈಸೂರಿಗೆ ಹೋದೆ. ಮಾನಸಗಂಗೋತ್ರಿಯಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮಾತು ಮತ್ತು ಕಿವಿ ಇವೆರಡರ ವಿಷಯವನ್ನೇ ವ್ರತವಾಗಿಟ್ಟುಕೊಂಡ ಇಂಥ ಸಂಸ್ಥೆ ನಮ್ಮ ನಾಡಿನಲ್ಲಿಯೇ ಇರುವುದು ಎಷ್ಟೋ ಮಂದಿಗೆ ತಿಳಿಯದು.

ಅಲ್ಲಿ ಗಾಜಿನ ಕಿಟಕಿಯ ಕೋಣೆಯೊಳಗೆ ಕೂರಿಸಿ, ತಗ್ಗು ಸ್ವರದಿಂದ ಎತ್ತರದ ಸ್ವರದವರೆಗೆ ಒಂದೊಂದಾಗಿ ಕೇಳಿಸಿ, ಕೇಳಿದಾಗ ಗುಂಡಿ ಒತ್ತಬೇಕೆಂದರು. ಫಲಿತಾಂಶವನ್ನು ಒಂದು ನಕ್ಷೆಯಲ್ಲಿ ತೋರಿಸಿದರು. ತಗ್ಗು ಸ್ವರಗಳಲ್ಲಿ ನನ್ನ ಗೆರೆ ಸಮನಾಗಿಯೇ ಹೋಗಿ, ಎತ್ತರದ ಸ್ವರಗಳಲ್ಲಿ ಚನ್ನಗಿರಿಯ ಕೋಟೆಬೆಟ್ಟದಿಂದ ಇಳಿದಂತೆ ಇಳಿದುಬಿಟ್ಟಿದ್ದಿತು. ಆ ಎತ್ತರದ ಸ್ವರಗಳಲ್ಲಿಯೇ ಶ, ಷ, ಸ ಎಂಬ ಊಷ್ಮಾಕ್ಷರಗಳ ಜೀವವಿರುವುದು. ಮೂವತ್ತನಾಲ್ಕು ವರ್ಷ ಹುಡುಗರಿಗೆ ತಾಲವ್ಯ ಯಾವುದು, ಮೂರ್ಧನ್ಯ ಯಾವುದು, ದಂತ್ಯ ಯಾವುದು ಎಂದು ಬೆತ್ತ ಹಿಡಿದು ಕಲಿಸಿದವನಿಗೆ ಈಗ ಅವು ಮೂರೂ ಒಂದೇ. ಜಗಳೂರಿನಿಂದ ಮೊಮ್ಮಗಳು ಫೋನಿನಲ್ಲಿ ಅಮರಕೋಶ ಒಪ್ಪಿಸುತ್ತಿದ್ದಳು. ಅವಳು ಸರಿ ಹೇಳಿದಳೋ ತಪ್ಪು ಹೇಳಿದಳೋ ತಿಳಿಯದೆ ಎಲ್ಲಕ್ಕೂ "ಭೇಷ್" ಎನ್ನುತ್ತಿದ್ದೆ. ನಕ್ಷೆಯನ್ನು ನೋಡಿದಾಗ ನನಗೆ ಜೀರುಂಡೆಗಿಂತ ಇದೇ ಹೆಚ್ಚು ನೋವನ್ನು ಕೊಟ್ಟಿತು.

ಇನ್ನೊಂದು ಅಳತೆಯನ್ನೂ ಮಾಡಿದರು. ನನ್ನ ಮೊರೆತಕ್ಕೆ ಸಮನಾದ ಸ್ವರ ಯಾವುದು, ಅದರ ಜೋರು ಎಷ್ಟು ಎಂಬುದನ್ನು ಯಂತ್ರದ ಸ್ವರದೊಡನೆ ಹೋಲಿಸಿ ಗೊತ್ತುಮಾಡಿದರು. ಮನೆಯ ಛಾವಣಿ ಹಾರಿಸುವ ನನ್ನ ಜೀರುಂಡೆ, ಆ ಸ್ವರ ನನಗೆ ಕೇಳಿಸಲು ಬೇಕಾದ ಕನಿಷ್ಠ ಮಟ್ಟಕ್ಕಿಂತ ಕೆಲವೇ ಡೆಸಿಬೆಲ್ ಮೇಲಿದ್ದಿತು! ಬಹುಪಾಲು ರೋಗಿಗಳಲ್ಲಿಯೂ ಹೀಗೆಯೇ ಅಂತೆ. ಸದ್ದು ಅಲ್ಪ, ಸಂಕಟ ಅನಲ್ಪ. ಹಾಗಾದರೆ ಸಂಕಟ ಎಲ್ಲಿಂದ ಬರುತ್ತದೆ?

ಇದಕ್ಕೆ ಉತ್ತರ ಕಿವಿಯಲ್ಲಿ ಮುಗಿಯುವುದಿಲ್ಲ, ಮಿದುಳಿಗೆ ಹೋಗಬೇಕು. ಒಳಗಿವಿಯಲ್ಲಿ ಶಂಖದಂತೆ ಸುರುಳಿ ಸುತ್ತಿದ ಒಂದು ಅಂಗವಿದೆ. ಅದರಲ್ಲಿ ಒಳಸಾಲಿನಲ್ಲಿ ಸುಮಾರು ೩,೫೦೦, ಹೊರಸಾಲುಗಳಲ್ಲಿ ಸುಮಾರು ೧೨,೦೦೦ ರೋಮಕೋಶಗಳು. ವಯಸ್ಸಿನಿಂದಲೋ ಅಬ್ಬರದ ಸದ್ದಿನಿಂದಲೋ ಸತ್ತ ರೋಮಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟದು. ಅಲ್ಲಿಂದ ಬರಬೇಕಾದ ವರ್ತಮಾನ ನಿಂತುಹೋದಾಗ ಮಿದುಳಿನ ಕೋಶಗಳು ಸುಮ್ಮನೆ ಕೂರುವುದಿಲ್ಲ. ಮೇಷ್ಟರು ಬಾರದ ತರಗತಿಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಾಠವಿಲ್ಲದ ಹುಡುಗರು ತಾವೇ ಗಲಾಟೆ ಎಬ್ಬಿಸುತ್ತಾರೆ. ಮೊದಲು ಒಬ್ಬೊಬ್ಬರು, ಆಮೇಲೆ ಎಲ್ಲರೂ ಒಂದೇ ತಾಳದಲ್ಲಿ ಹಲಗೆ ಬಡಿಯುತ್ತಾರೆ. ಈ ಒಮ್ಮೆಲೇ ಬಡಿಯುವಿಕೆಯೇ ನಮಗೆ ಕೇಳಿಸುವ ಮೊರೆತವೆಂದು ಈಗಿನ ಅನೇಕ ಪಂಡಿತರ ಅಭಿಪ್ರಾಯ. ಅದಕ್ಕೆ ಭಯ ಸೇರಿದರೆ, ಕಿವಿಗೊಟ್ಟು ಕಾಯುವುದು ಸೇರಿದರೆ, ಗಲಾಟೆ ಇಮ್ಮಡಿಯಾಗಿ ಕೇಳುತ್ತದೆ.

ಭಯವೆಂಬುದು ಇಲ್ಲಿ ಸಣ್ಣ ಮಾತಲ್ಲ. ನ್ಯಾಮತಿಯಲ್ಲಿ ನನಗೆ ಪರಿಚಿತರಾದವರೊಬ್ಬರಿದ್ದಾರೆ. ಮೂವತ್ತು ವರ್ಷ ಅಕ್ಕಿ ಗಿರಣಿಯಲ್ಲಿ ಯಂತ್ರ ನಡೆಸಿದವರು. ಗಿರಣಿ ಬಿಟ್ಟು ಎಂಟು ವರ್ಷವಾದರೂ, "ನನ್ನ ಗಿರಣಿ ಇನ್ನೂ ನಿಂತಿಲ್ಲ ಮೇಷ್ಟ್ರೇ" ಎನ್ನುತ್ತಿದ್ದರು. ಮೊದಮೊದಲು ನಗುತ್ತ ಹೇಳುತ್ತಿದ್ದವರು ಕ್ರಮೇಣ ನಗುವುದನ್ನು ಬಿಟ್ಟರು. ಶನಿವಾರದ ಭಜನೆಗೆ ಬರುವುದು ನಿಂತಿತು, ಊಟ ಕಡಿಮೆಯಾಯಿತು, ಮನೆಯವರೊಡನೆ ಮಾತು ನಿಂತಿತು. ಒಂದು ದಿನ ನನ್ನೊಡನೆ ಕಟ್ಟೆಯ ಮೇಲೆ ಕುಳಿತಿದ್ದಾಗ, "ಇದನ್ನು ನಿಲ್ಲಿಸಲು ಹೊಳೆಯೊಂದೇ ದಾರಿ ಅಂತ ಕಾಣ್ತದೆ" ಎಂದರು. ನಾನು ಅಂದೇ ಅವರ ಮಗನನ್ನು ಕರೆದು ಇದ್ದುದನ್ನು ಇದ್ದಂತೆ ಹೇಳಿದೆ. ಹುಡುಗ ಬುದ್ಧಿವಂತ, ತಂದೆಯನ್ನು ಮರುದಿನವೇ ಮನೋವೈದ್ಯರಲ್ಲಿಗೆ ಕರೆದೊಯ್ದ. ಇಂಥವರಿಗೆ ಮೊರೆತವನ್ನು ನಿಲ್ಲಿಸದೆಯೇ, ಅದರ ಬಗ್ಗೆ ಮನಸ್ಸು ಕಟ್ಟುವ ಭೀತಿಯ ಕಲ್ಪನೆಗಳನ್ನು ಒಂದೊಂದಾಗಿ ಬಿಡಿಸುವ ಮಾತಿನ ಚಿಕಿತ್ಸೆಯೊಂದಿದೆ. ಅಮೆರಿಕದ ಕಿವಿ ಮೂಗು ಗಂಟಲು ವೈದ್ಯರ ಸಂಘ ೨೦೧೪ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಬಾಧೆಪಡುವವರಿಗೆ ಈ ಚಿಕಿತ್ಸೆಯನ್ನೂ, ಕಿವಿ ಮಂದವಾದವರಿಗೆ ಶ್ರವಣಯಂತ್ರವನ್ನೂ ಶಿಫಾರಸು ಮಾಡಿ, ಗಿಂಕೋ ಎಲೆಯ ಮಾತ್ರೆ, ಸತುವಿನ ಮಾತ್ರೆ ಮುಂತಾದವುಗಳನ್ನು ಬೇಡವೆಂದಿದೆ. ನ್ಯಾಮತಿಯ ನನ್ನ ಸ್ನೇಹಿತರು ಈಗ ಮತ್ತೆ ಭಜನೆಗೆ ಬರುತ್ತಿದ್ದಾರೆ. ಗಿರಣಿ ನಿಂತಿಲ್ಲ, ಅದಕ್ಕೆ ಹೆದರುವುದು ನಿಂತಿದೆ. ತಾಳವನ್ನು ಮಾತ್ರ ಬಹಳ ಜೋರಾಗಿ ಬಡಿಯುತ್ತಾರೆ.

ಇಷ್ಟರಲ್ಲಿ ಅಮೆರಿಕದ ಮಿನೆಸೋಟದಲ್ಲಿರುವ ನನ್ನ ಮಗ ಒಂದು ಹೊಸ ಸುದ್ದಿಯನ್ನು ಬರೆದ. ಶಬ್ದ ಮತ್ತು ಸ್ಪರ್ಶ ಇವೆರಡನ್ನೂ ಜೊತೆಯಾಗಿ ಕೊಟ್ಟು ಕಿವಿಮೊರೆತವನ್ನು ತಗ್ಗಿಸುವ ಯಂತ್ರ ಬಂದಿದೆ, "ಅಪ್ಪಾ, ನೀವು ಹೂಂ ಅಂದರೆ ಕೊಂಡು ತರುತ್ತೇನೆ" ಎಂದು. ಕಿವಿಯ ರೋಗಕ್ಕೆ ನಾಲಗೆಗೆ ವಿದ್ಯುತ್ತು ಮುಟ್ಟಿಸುವುದೆಂದರೆ, ತೋಟಕ್ಕೆ ನೀರಿಲ್ಲವೆಂದು ಕಣಕ್ಕೆ ನೀರು ಹಾಯಿಸಿದಂತೆ ಅಲ್ಲವೆ ಎಂದು ಮನೆಯಾಕೆ ಕೇಳಿದಳು. ಪ್ರಶ್ನೆ ಸರಿಯಾಗಿಯೇ ಇದ್ದಿತು. ಅದಕ್ಕೆ ಉತ್ತರ ಹುಡುಕುವುದರಲ್ಲಿ ನನ್ನ ಎರಡು ತಿಂಗಳು ಕಳೆದವು.

ಕಿವಿಯ ನರ ಮಿದುಳಿನ ಕಾಂಡವನ್ನು ಹೊಕ್ಕೊಡನೆ ಸಿಗುವ ಮೊದಲನೆಯ ಠಾಣೆಯಲ್ಲಿಯೇ, ಮುಖ, ದವಡೆ, ಕತ್ತು, ನಾಲಗೆ ಇವುಗಳಿಂದ ಸ್ಪರ್ಶವನ್ನು ತರುವ ನರಗಳ ಕವಲುಗಳೂ ಬಂದು ಸೇರುತ್ತವೆ. ಮೊರೆತವಿರುವ ಅನೇಕರು ಹಲ್ಲು ಕಚ್ಚಿದಾಗ, ಕತ್ತು ಹೊರಳಿಸಿದಾಗ ಅವರ ಮೊರೆತದ ಸ್ವರ ಬದಲಾಗುವುದು ಇದರಿಂದಲೇ. ವಾಚಕರಲ್ಲಿ ಈ ಬಾಧೆಯುಳ್ಳವರು ಈಗಲೇ ಹಲ್ಲು ಕಚ್ಚಿ ನೋಡಬಹುದು. ನನಗಂತೂ ಜೀರುಂಡೆ ಅರ್ಧ ಸ್ವರ ಮೇಲೇರುತ್ತದೆ. ಮಿಶಿಗನ್ ವಿಶ್ವವಿದ್ಯಾನಿಲಯದ ಸೂಸನ್ ಶೋರ್ ಎಂಬ ವಿದುಷಿ ಈ ಠಾಣೆಯನ್ನೇ ಬಹುಕಾಲ ಅಭ್ಯಾಸ ಮಾಡಿದರು. ಕಿವಿಯಿಂದ ವರ್ತಮಾನ ಕಡಿಮೆಯಾದಾಗ ಸ್ಪರ್ಶದ ನರಗಳು ಅಲ್ಲಿ ಅತಿಯಾಗಿ ಮೇಲುಗೈ ಪಡೆಯುತ್ತವೆಂದೂ, ಶಬ್ದ ಮತ್ತು ಸ್ಪರ್ಶಗಳನ್ನು ಒಂದು ಗೊತ್ತಾದ ಕ್ರಮದಲ್ಲಿ, ಕೆಲವೇ ಮಿಲಿಸೆಕೆಂಡುಗಳ ಅಂತರದಲ್ಲಿ ಮತ್ತೆ ಮತ್ತೆ ಕೊಟ್ಟರೆ ಆ ಕೋಶಗಳ ಗಲಾಟೆ ತಗ್ಗುವುದೆಂದೂ ಮೊದಲು ಗಿನಿ ಹಂದಿಗಳಲ್ಲಿ ಕಂಡುಕೊಂಡರು. ಕ್ರಮ ತಿರುಗುಮುರುಗಾದರೆ ಫಲವೂ ತಿರುಗುಮುರುಗು. ಸಂಗೀತ ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಪೆಟ್ಟು ಸಮದಲ್ಲಿ ಬಿದ್ದರೆ ತಾಳ, ತಪ್ಪಿ ಬಿದ್ದರೆ ಗದ್ದಲ.

೨೦೧೮ರಲ್ಲಿ ಅವರು ೨೦ ಮಂದಿ ರೋಗಿಗಳ ಮೇಲಿನ ಪ್ರಯೋಗವನ್ನು ಪ್ರಕಟಿಸಿದರು. ೨೦೨೩ರಲ್ಲಿ ೯೯ ಮಂದಿಯ ಮೇಲಿನದನ್ನು. ಕೆನ್ನೆಗೋ ಕತ್ತಿಗೋ ಅಂಟಿಸಿದ ಪಟ್ಟಿಯಿಂದ ಮೃದುವಾದ ವಿದ್ಯುತ್ ಸ್ಪರ್ಶ, ಕಿವಿಗೆ ಅವರವರ ಮೊರೆತಕ್ಕೆ ಹೊಂದಿಸಿದ ಶಬ್ದ. ದಿನಕ್ಕೆ ಅರ್ಧ ಗಂಟೆಯಂತೆ ಆರು ವಾರ, ಮನೆಯಲ್ಲಿಯೇ. ಈ ಪ್ರಯೋಗದಲ್ಲಿ ನನಗೆ ಮೆಚ್ಚಿಕೆಯಾದ ಅಂಶವೆಂದರೆ, ಕೆಲವರಿಗೆ ಮೊದಲು ಶಬ್ದವನ್ನು ಮಾತ್ರ ಕೊಟ್ಟು, ಯಾವುದು ನಿಜವಾದ ಚಿಕಿತ್ಸೆ ಎಂಬುದನ್ನು ರೋಗಿಗೆ ತಿಳಿಸದೆ, ಆಮೇಲೆ ಅದಲುಬದಲು ಮಾಡಿ ನೋಡಿದ್ದು. ಉತ್ತರಪತ್ರಿಕೆಯ ಮೇಲೆ ಹೆಸರಿಲ್ಲದಿದ್ದರೆ ಮಾತ್ರ ಮೇಷ್ಟರ ಅಂಕ ನಂಬಲರ್ಹ. ನಿಜವಾದ ಚಿಕಿತ್ಸೆಯನ್ನು ಪಡೆದವರಲ್ಲಿ ನೂರಕ್ಕೆ ೬೦ಕ್ಕೂ ಹೆಚ್ಚು ಮಂದಿಗೆ ಗಣನೀಯವಾಗಿ ಬಾಧೆ ತಗ್ಗಿತೆಂದು ವರದಿಯಾಗಿದೆ. ಹಲ್ಲು ಕಚ್ಚಿದಾಗ ಮೊರೆತ ಬದಲಾಗುವಂಥವರನ್ನೇ ಅವರು ಆರಿಸಿಕೊಂಡಿದ್ದರೆಂಬುದನ್ನೂ ನೆನಪಿಡಬೇಕು.

ಮಗ ಬರೆದದ್ದು ಇದರ ವಿಷಯವಲ್ಲ. ಐರ್ಲೆಂಡಿನ ಡಬ್ಲಿನ್ ನಗರದ ನ್ಯೂರೋಮಾಡ್ ಎಂಬ ಕಂಪನಿಯ ಲೆನಿಯರ್ ಎಂಬ ಯಂತ್ರದ ವಿಷಯ. ಮಿನೆಸೋಟ ವಿಶ್ವವಿದ್ಯಾನಿಲಯದ ಹ್ಯೂಬರ್ಟ್ ಲಿಮ್ ಎಂಬ ವಿಜ್ಞಾನಿಯೂ ಇದರಲ್ಲಿ ಪ್ರಮುಖರು. ಇದರಲ್ಲಿ ಕಿವಿಗೆ ಶಬ್ದ, ನಾಲಗೆಯ ತುದಿಗೆ ೩೨ ಸಣ್ಣ ವಿದ್ಯುದ್ಬಿಂದುಗಳುಳ್ಳ ಒಂದು ಚಿಕ್ಕ ತುಂಡು. ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡಂತೆ ಇಟ್ಟುಕೊಂಡು ಕುಳಿತರೆ ನಾಲಗೆ ಚುಮುಚುಮು ಎನ್ನುತ್ತದೆಯಂತೆ. ೨೦೨೦ರಲ್ಲಿ ಪ್ರಕಟವಾದ ಇವರ ಮೊದಲ ದೊಡ್ಡ ಪ್ರಯೋಗದಲ್ಲಿ ೩೨೬ ಮಂದಿ ೧೨ ವಾರ ಚಿಕಿತ್ಸೆ ಪಡೆದರು. ಹೆಚ್ಚಿನವರಿಗೆ ಗುಣ ಕಂಡಿತು, ಒಂದು ವರ್ಷದವರೆಗೂ ಅದು ನಿಂತಿತು ಎಂದು ಬರೆದಿದ್ದಾರೆ. ಆದರೆ ಅದರಲ್ಲಿ ಎಲ್ಲರಿಗೂ ಒಂದಲ್ಲ ಒಂದು ಬಗೆಯ ನಿಜವಾದ ಚಿಕಿತ್ಸೆಯನ್ನೇ ಕೊಟ್ಟಿದ್ದರು. ಸುಳ್ಳು ಚಿಕಿತ್ಸೆಯ ಗುಂಪಿರಲಿಲ್ಲ. ಏನೋ ಒಂದು ಆಗುತ್ತಿದೆ ಎಂಬ ನಂಬಿಕೆಯಿಂದಲೇ ಎಷ್ಟು ಮಂದಿಗೆ ಹಿತವಾಯಿತೋ ಹೇಳುವುದು ಹೇಗೆ?

ಈ ಆಕ್ಷೇಪಣೆಗೆ ಸ್ವಲ್ಪಮಟ್ಟಿನ ಉತ್ತರ ಆಮೇಲಿನ ಪ್ರಯೋಗದಲ್ಲಿದೆ. ೧೧೨ ಮಂದಿಗೆ ಮೊದಲ ಆರು ವಾರ ಶಬ್ದ ಮಾತ್ರ, ಅನಂತರದ ಆರು ವಾರ ಶಬ್ದ ಮತ್ತು ಸ್ಪರ್ಶ ಎರಡೂ. ಮಧ್ಯಮ ಅಥವಾ ಅದಕ್ಕೂ ಹೆಚ್ಚಿನ ಬಾಧೆಯುಳ್ಳವರಲ್ಲಿ, ಶಬ್ದ ಮಾತ್ರದಿಂದ ನೂರಕ್ಕೆ ಸುಮಾರು ೪೩ ಮಂದಿಗೂ, ಎರಡೂ ಸೇರಿದಾಗ ನೂರಕ್ಕೆ ಸುಮಾರು ೫೯ ಮಂದಿಗೂ ಲೆಕ್ಕಕ್ಕೆ ಬರುವಷ್ಟು ಗುಣವಾಯಿತು. ಇದರ ಆಧಾರದ ಮೇಲೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ೨೦೨೩ರ ಮಾರ್ಚ್ ತಿಂಗಳಲ್ಲಿ ಅನುಮತಿ ಕೊಟ್ಟಿತು. ಈ ಅಂಕಿಗಳನ್ನು ನಾನು ಕಾಗದದ ಮೇಲೆ ಬರೆದು ಮನೆಯಾಕೆಗೆ ತೋರಿಸಿದೆ. ಆಕೆ ಗಣಿತದಲ್ಲಿ ನನಗಿಂತ ಚುರುಕು. "ಅಂದರೆ ನಾಲಗೆಯಿಂದ ಹೆಚ್ಚಾಗಿ ಸಿಕ್ಕಿದ್ದು ನೂರಕ್ಕೆ ಹದಿನಾರು. ಉಳಿದ ನಲವತ್ಮೂರು ಬರೀ ಸದ್ದಿನಿಂದಲೇ ಸಿಕ್ಕಿತಲ್ಲ. ನಲವತ್ತೊಂದು ಮಂದಿಗೆ ಎರಡೂ ಸೇರಿದಾಗಲೂ ಲೆಕ್ಕಕ್ಕೆ ಬರುವಷ್ಟು ಸಿಗಲಿಲ್ಲ" ಎಂದಳು. ಯಾವ ಪತ್ರಿಕೆಯಲ್ಲಿಯೂ ಇಷ್ಟು ಸ್ಪಷ್ಟವಾದ ವಿಮರ್ಶೆಯನ್ನು ನಾನು ಓದಲಿಲ್ಲ.

ಶಬ್ದ, ಸ್ಪರ್ಶ ಎಂಬ ಜೋಡಿಯನ್ನು ಕೇಳಿದೊಡನೆ ಸಂಸ್ಕೃತ ಓದಿದವನ ಮನಸ್ಸು ಬೇರೊಂದು ಕಡೆಗೆ ಹರಿಯುವುದು ಸ್ವಾಭಾವಿಕ. ಆಕಾಶಕ್ಕೆ ಶಬ್ದವೊಂದೇ ಗುಣ; ವಾಯುವಿಗೆ ಶಬ್ದ ಮತ್ತು ಸ್ಪರ್ಶ ಎರಡು ಗುಣಗಳು ಎಂದು ವೇದಾಂತಿಗಳು ಹೇಳುತ್ತಾರೆ. (ತಾರ್ಕಿಕರು ಇದನ್ನು ಒಪ್ಪುವುದಿಲ್ಲ, ಅದು ಬೇರೆ ಜಗಳ.) ಸ್ಪರ್ಶೇಂದ್ರಿಯವು ಮಿಕ್ಕ ಇಂದ್ರಿಯಗಳನ್ನೆಲ್ಲ ವ್ಯಾಪಿಸಿದೆಯೆಂದು ಚರಕನು ಸೂತ್ರಸ್ಥಾನದಲ್ಲಿ ಹೇಳಿದ್ದಾನೆ. ಕರ್ಣನಾದಕ್ಕೆ ಕಾರಣ ವಾಯುವೆಂದು ಸುಶ್ರುತ. ಇವೆಲ್ಲವನ್ನೂ ಒಂದು ದಾರದಲ್ಲಿ ಪೋಣಿಸಿ, ಡಬ್ಲಿನ್ನಿನ ಯಂತ್ರ ನಮ್ಮ ಋಷಿಗಳಿಗೆ ಗೊತ್ತಿತ್ತು ಎಂದು ಭಾಷಣ ಮಾಡುವುದು ಸುಲಭ, ಚಪ್ಪಾಳೆಯೂ ಸಿಗುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಸುಶ್ರುತನು ರೋಗಿಯ ಮಾತನ್ನು ಗಮನವಿಟ್ಟು ಕೇಳಿ, ಇವನು ಸುಳ್ಳು ಹೇಳುತ್ತಿಲ್ಲ, ಇವನಿಗೆ ಕೇಳಿಸುತ್ತಿದೆ ಎಂದು ಒಪ್ಪಿ ಅದಕ್ಕೊಂದು ಹೆಸರನ್ನೂ ಸ್ಥಾನವನ್ನೂ ಕೊಟ್ಟನು. ಅಷ್ಟೇ ದೊಡ್ಡದು. ಮಿಲಿಸೆಕೆಂಡಿನ ಲೆಕ್ಕ ಮಿಶಿಗನ್ನಿನವರದು. ಅದನ್ನು ಅವರಿಗೇ ಬಿಡೋಣ.

ಬೆಲೆಯ ಮಾತಿಗೆ ಬರುತ್ತೇನೆ. ಆ ಯಂತ್ರಕ್ಕೆ ಅಮೆರಿಕದಲ್ಲಿ ಕೆಲವು ಸಾವಿರ ಡಾಲರುಗಳಾಗುತ್ತವೆ. ನಮ್ಮ ಹಣದಲ್ಲಿ ಲಕ್ಷಗಳ ಮಾತು. ಮಗನಿಗೆ ಅದು ಭಾರವಲ್ಲದಿರಬಹುದು, ಆದರೆ ಅವನ ಹಣವೂ ದುಡಿದ ಹಣವೇ. ಅದನ್ನು ಬದಿಗಿಟ್ಟು ನೋಡಿದರೂ, ಮೊದಲು ಮಾಡಬೇಕಾದುದನ್ನು ಮೊದಲು ಮಾಡುವುದು ಕ್ರಮವೆಂದು ನನಗೆ ತೋರಿತು. ಮೈಸೂರಿನಲ್ಲಿ ಹೇಳಿದಂತೆ ಎರಡು ಕಿವಿಗೂ ಶ್ರವಣಯಂತ್ರ ಹಾಕಿಸಿಕೊಂಡೆ. ಮೊದಲ ವಾರ ಕಾಗದ ಮಡಿಸುವ ಸದ್ದು ಸಿಡಿಲಿನಂತಿತ್ತು, ಒಗ್ಗರಣೆ ಯುದ್ಧದಂತಿತ್ತು. ಎರಡನೆಯ ತಿಂಗಳಿಗೆ ಗಡಿಯಾರ ಮತ್ತೆ ಮಾತಾಡಿತು. ಹಗಲಿನಲ್ಲಿ ಕಿವಿಗೆ ಪಾಠ ಸಿಕ್ಕಿದ ಮೇಲೆ ತರಗತಿಯ ಗಲಾಟೆ ತಾನಾಗಿ ಅರ್ಧಕ್ಕೆ ಇಳಿಯಿತು. ರಾತ್ರಿ ಅದನ್ನು ತೆಗೆದಿಟ್ಟಾಗ ಜೀರುಂಡೆ ಹಿಂದಿರುಗುತ್ತದೆ. ಅದಕ್ಕೆ ಫ್ಯಾನನ್ನು ಚಳಿಗಾಲದಲ್ಲಿಯೂ ಸಣ್ಣಗೆ ತಿರುಗಿಸಿ ಬಿಡುತ್ತೇನೆ. ಮನೆಯಾಕೆ ಎರಡು ಕಂಬಳಿ ಹೊದೆಯುತ್ತಾಳೆ.

ಮೊಮ್ಮಗಳು ಮೊನ್ನೆ ಅಮರಕೋಶ ಒಪ್ಪಿಸುವಾಗ ಷಕಾರದ ಕಡೆ ಸಕಾರ ಹೇಳಿದಳು. ತಡೆದು ತಿದ್ದಿದೆ. "ಅಜ್ಜಾ, ಇಷ್ಟು ದಿನ ಭೇಷ್ ಅಂತಿದ್ರಲ್ಲ!" ಎಂದು ಅವಳು ಮುನಿಸಿಕೊಂಡಳು.

ಈ ಲೇಖನವನ್ನು ಓದಿ ಯಾರಾದರೂ ನೇರವಾಗಿ ಯಂತ್ರದ ಬೆನ್ನು ಹತ್ತುವುದಕ್ಕೆ ಮೊದಲು ಒಂದು ಮಾತನ್ನು ಗಮನಿಸಬೇಕು. ಮೊರೆತ ಒಂದೇ ಕಿವಿಯಲ್ಲಿದ್ದರೆ, ನಾಡಿಯ ಬಡಿತದೊಡನೆ ಡುಬ್ ಡುಬ್ ಎಂದು ಕೇಳುತ್ತಿದ್ದರೆ, ತಲೆಸುತ್ತು ಜೊತೆಗಿದ್ದರೆ, ಕಾಯದೆ ಕಿವಿಯ ವೈದ್ಯರಿಗೆ ತೋರಿಸಬೇಕು. ಕಿವಿ ಇದ್ದಕ್ಕಿದ್ದಂತೆ ಕಿವುಡಾದರೆ ಒಂದು ದಿನವನ್ನೂ ಕಳೆಯಬಾರದು, ಏಕೆಂದರೆ ಅದರ ಚಿಕಿತ್ಸೆ ಬೇಗ ಮಾಡಿದಷ್ಟೂ ಹೆಚ್ಚು ಫಲಿಸುತ್ತದೆ. ನಮ್ಮ ಮನೆಯ ಹಿಂದಿನ ಕಣದಲ್ಲಿ ಅಡಿಕೆ ಸುಲಿಯುವ ಯಂತ್ರಗಳು ಸುಗ್ಗಿಯಲ್ಲಿ ನಡುರಾತ್ರಿಯವರೆಗೆ ನಡೆಯುತ್ತವೆ. ಅಲ್ಲಿ ದುಡಿಯುವ ಹುಡುಗರು ಯಂತ್ರದ ಸದ್ದನ್ನು ಮೀರಿಸಲು ಕಿವಿಯಲ್ಲಿ ಹಾಡು ಹಾಕಿಕೊಳ್ಳುತ್ತಾ ಇದ್ದರು. ಈ ವರ್ಷ ನಾನೇ ಹೋಗಿ ಎಲ್ಲರಿಗೂ ಕಿವಿಗೆ ಸಿಗಿಸುವ ನೊರೆಬೆಂಡಿನ ತುಣುಕುಗಳನ್ನು ಹಂಚಿದೆ. ನಾಲ್ಕು ಮಂದಿ ಹಾಕಿಕೊಂಡಿದ್ದಾರೆ. ಉಳಿದವರು ಮೇಷ್ಟರಿಗೆ ನೋವಾಗಬಾರದೆಂದು ಜೇಬಿನಲ್ಲಿಟ್ಟುಕೊಂಡಿದ್ದಾರೆ.

ಮಗನಿಗೆ ನಾನು ಬೇಡವೆಂದು ಬರೆಯಲಿಲ್ಲ. ಮೂರು ಪ್ರಶ್ನೆಗಳನ್ನು ಬರೆದೆ. ಶ್ರವಣಯಂತ್ರದಿಂದಲೇ ಅರ್ಧ ಗುಣ ಕಂಡ ಅರವತ್ತರ ಮುದುಕನಿಗೆ ಇದರಿಂದ ಇನ್ನೆಷ್ಟು ಲಾಭವೆಂದು ಅಲ್ಲಿನ ಶ್ರವಣತಜ್ಞರು ಹೇಳುತ್ತಾರೆ? ಯಂತ್ರವನ್ನು ನನ್ನ ಕಿವಿಗೆ ಹೊಂದಿಸುವುದಕ್ಕೂ, ಹನ್ನೆರಡು ವಾರದ ನಡುವೆ ಮತ್ತೆ ತಿದ್ದುವುದಕ್ಕೂ ನಾನು ಎಲ್ಲಿಗೆ ಹೋಗಬೇಕು? ಮೂರನೆಯದು ಅವನ ತಾಯಿಯ ಪ್ರಶ್ನೆ: ಗುಣ ಕಾಣದಿದ್ದರೆ ಹಣ ವಾಪಸು ಕೊಡುತ್ತಾರೆಯೆ, ಅಥವಾ ಅವರೂ ಪಥ್ಯ ಸರಿಯಾಗಿ ಮಾಡಿಲ್ಲ ಎನ್ನುತ್ತಾರೆಯೆ? ಉತ್ತರ ಇನ್ನೂ ಬಂದಿಲ್ಲ.